ಪೀಪಾಯಿ ಗಾಡಿಯ ಮೇಲೆ ಹಾಲು

"ಹೆಂಡದಂಗಡಿ ಕೌಂಟರಿನ ಮೇಲೆ ಹಾಲಿನ ಕ್ಯಾನು!" ಪೀಜೇ ಕಾನ್ಸಿಡೀನ್ ಬಾಗಿಲಲ್ಲೇ ನಿಂತು ಟೊಪ್ಪಿ ತೆಗೆದ. "ನಿನ್ನ ಮಾವ ಎದ್ದು ಬಂದು ಇದನ್ನ ನೋಡಿದ್ರೆ, ತಿರುಗಿ ಹೋಗಿ ಗೋರಿಯಲ್ಲಿ ಮಲಗ್ತಿದ್ದ ಕಣೇ ಡಿಂಪ್ನಾ."

"ಮಲಗ್ಲಿ ಬಿಡು. ಇದ್ದಾಗ್ಲೂ ಕೆಲಸಕ್ಕೆ ಅಡ್ಡಾನೇ ನಿಲ್ತಿದ್ದ." ಡಿಂಪ್ನಾ ಹ್ಯಾನ್ರಹನ್ ಕ್ಯಾನಿನೊಳಗೆ ಮತ್ತೊಂದು ಸಲ ಕುದಿನೀರು ಹುಯ್ದು ಕುಲುಕಿದಳು. "ಒಳಗೆ ಬರೋದಾದ್ರೆ ಬಾ, ಹೋಗೋದಾದ್ರೆ ಹೋಗು. ಬಾಗಿಲಲ್ಲಿ ನಿಂತು ಚಳಿ ಒಳಗೆ ಬಿಡಬೇಡ."

ಬ್ಯಾಲಿಕೊರ್ರಾ ಊರಿಗೆ ಇದ್ದದ್ದು ಎರಡೇ ಪಬ್ಬು. ದಿಬ್ಬದ ಮೇಲೆ ಹ್ಯಾನ್ರಹನ್ನರದು, ಕೆಳಗೆ ಸೇತುವೆಯ ಪಕ್ಕ ಪೀಜೇಯದು. ನಡುವಿನ ಇಳಿಜಾರು ಬೀದಿಯಲ್ಲಿ ಹರಿದ ಮಳೆನೀರಿಗಿಂತ ಆ ಎರಡು ಅಂಗಡಿಗಳ ನಡುವೆ ಹರಿದ ಬೈಗುಳ ಹೆಚ್ಚು ಎಂದು ಊರವರು ಹೇಳುತ್ತಿದ್ದರು. ಹಾಗಿದ್ದರೂ ಭಾನುವಾರ ಚರ್ಚು ಬಿಟ್ಟ ಮೇಲೆ ಪೀಜೇ ತಪ್ಪದೆ ದಿಬ್ಬ ಹತ್ತಿ ಬರುತ್ತಿದ್ದ. ವೈರಿಯ ಕೋಟೆಯಲ್ಲಿ ಚಹಾ ಚೆನ್ನಾಗಿರುತ್ತದೆ ಎಂಬುದು ಅವನ ಸಮಜಾಯಿಷಿ.

ಅವನ ಹಿಂದೆಯೇ ಪ್ಯಾಕಿ ಲೂಬಿ ಎರಡು ಬಕೆಟ್ಟು ಹಾಲು ಹಿಡಿದು ಒಳಗೆ ಬಂದ. ಮದುವೆಯಾಗದ ರೈತ, ಅರವತ್ತರ ಹತ್ತಿರ ಹತ್ತಿರ. ಕೌಂಟರಿನ ತುದಿಯ ಸ್ಟೂಲು ಅವನದೇ ಎಂದು ಎಲ್ಲರಿಗೂ ಗೊತ್ತು. ಬೆಳಗಿನ ಹೊತ್ತು ಅವನ ಕೈ ನಡುಗುತ್ತಿತ್ತು. ಹಾಲು ತುಳುಕಿ ಬೂಟಿನ ಮೇಲೆ ಬಿದ್ದಿತ್ತು.

"ತಗೋ. ಒಳ್ಳೆ ಹಸುವಿಂದು," ಎಂದ ಪ್ಯಾಕಿ. "ಆದ್ರೂ ಹೇಳ್ತೀನಿ ಕೇಳು, ಕಪ್‌ಗೆ ಹಾಲು ಹುಯ್ಯೋದು ಅಂದ್ರೆ ಕುದುರೆಗೆ ಕೊಡೆ ಹಿಡಿದಂಗೆ. ನಾನು ಹದಿನೈದಕ್ಕೇ ಕಪ್ ಕುಡ್ದೋನು. ನಂಗೇನಾಯ್ತು?"

ಡಿಂಪ್ನಾ ಬಕೆಟ್ಟುಗಳನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.

ಆ ಊರಲ್ಲಿ ಅದನ್ನು ಕುಡಿತ ಎಂದು ಯಾರೂ ಕರೆಯುತ್ತಿರಲಿಲ್ಲ. 'ಕಪ್ ಕುಡಿಯೋದು' ಎನ್ನುತ್ತಿದ್ದರು. ಕೋಲು ಚೆಂಡಿನ ಹರ್ಲಿಂಗ್ ಆಟದಲ್ಲಿ ಜಿಲ್ಲಾ ಕಪ್ ಗೆದ್ದ ತಂಡ ಊರಿಗೆ ಬಂದರೆ ಮೊದಲು ಹ್ಯಾನ್ರಹನ್ನರ ಕೌಂಟರು. ಯಜಮಾನ ಕಪ್ಪಿನ ತುಂಬ ಬಿಯರು, ವಿಸ್ಕಿ, ಸೇಬಿನ ಹೆಂಡ, ಕೈಗೆ ಸಿಕ್ಕಿದ್ದನ್ನೆಲ್ಲ ಸುರಿದು ನಾಯಕನ ಬಾಯಿಗೆ ಹಿಡಿಯಬೇಕು. ಆಮೇಲೆ ತಂಡದ ಒಬ್ಬೊಬ್ಬರೂ ಗುಟುಕರಿಸಬೇಕು. ಬರಿದಾದರೆ ಮತ್ತೆ ತುಂಬಿಸಿ ಸೇತುವೆಯ ಕಡೆಗೆ ಮೆರವಣಿಗೆ. ದೊಡ್ಡವರ ತಂಡವಾದರೂ ಅಷ್ಟೇ, ಹದಿನೇಳರೊಳಗಿನ ಹುಡುಗರ ತಂಡವಾದರೂ ಅಷ್ಟೇ. ಅದೇ ಹುಡುಗರು ಹನ್ನೆರಡನೇ ವಯಸ್ಸಿನಲ್ಲಿ ಚರ್ಚಿನಲ್ಲಿ ಸಾಲಾಗಿ ನಿಂತು, ಹದಿನೆಂಟು ತುಂಬುವ ತನಕ ಮದ್ಯ ಮುಟ್ಟುವುದಿಲ್ಲ ಎಂದು ಆಣೆ ಮಾಡಿರುತ್ತಿದ್ದರು. ಕಪ್ಪಿಗೂ ಆಣೆಗೂ ಸಂಬಂಧವಿದೆಯೆಂದು ಯಾರಿಗೂ ಹೊಳೆದಿರಲಿಲ್ಲ.

ಹೊಳೆದದ್ದು ಡಿಂಪ್ನಾಳಿಗೆ. ಮದುವೆಯಾಗಿ ಬಂದಾಗಿನಿಂದ ಕೌಂಟರಿನ ಈಚೆ ನಿಂತು ನೋಡಿದವಳು ಅವಳು. ಯಾರು ಯಾವ ವಯಸ್ಸಿಗೆ ಒಳಗೆ ಬಂದರು, ಯಾರು ಯಾವ ವಯಸ್ಸಿಗೆ ಹೊರಗೆ ಒಯ್ಯಲ್ಪಟ್ಟರು, ಎಲ್ಲ ಅವಳಿಗೆ ಗೊತ್ತು. ಚಳಿಗಾಲದಲ್ಲಿ ಶಾಲೆಯ ಸಭಾಂಗಣದಲ್ಲಿ ಸಭೆ ಸೇರಿದಾಗ ಹುಡುಗರ ಕುಡಿತದ ಬಗ್ಗೆ ಪಾದ್ರಿಯೋ ಟಿಯರ್ನಿ ಮೇಷ್ಟ್ರೋ ಮಾತಾಡುತ್ತಾರೆಂದು ಎಲ್ಲರೂ ಕಾಯುತ್ತಿದ್ದರೆ, ಎದ್ದು ನಿಂತವಳು ಪಬ್ಬಿನ ಒಡತಿ.

"ಕೋಳಿಗೂಡಿಗೆ ನರಿ ಕಾವಲು ನಿಲ್ತಂತೆ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಸಭೆ ಇಡೀ ನಕ್ಕಿತು.

"ನಗ್ರಪ್ಪ, ನಗಿ," ಎಂದಿದ್ದಳು ಡಿಂಪ್ನಾ. "ಆದ್ರೆ ಲೆಕ್ಕ ಕೇಳಿ. ಹದಿನೈದಕ್ಕೆ ಶುರು ಮಾಡಿದೋರು ಐವತ್ತಕ್ಕೆ ನನ್ನ ಅಂಗಡಿಗೆ ಬರೋದು ನಿಲ್ಲಿಸ್ತಾರೆ. ಡಾಕ್ಟರು ನಿಲ್ಲಿಸ್ತಾನೆ, ಇಲ್ಲ ದೇವರು ನಿಲ್ಲಿಸ್ತಾನೆ. ನಂಗೆ ಎಂಬತ್ತರ ತನಕ ಬರೋ ಗಿರಾಕಿ ಬೇಕು. ನಾನು ವ್ಯಾಪಾರದ ಮಾತಾಡ್ತಿದೀನಿ."

ನಗು ಅಲ್ಲಿಗೆ ನಿಂತಿತ್ತು. ಅಂದಿನಿಂದ ಅವಳು ಸುಮ್ಮನೆ ಕೂತವಳಲ್ಲ. ಸೇಬಿನ ಕಡುಬು ಮಾಡಿಕೊಂಡು ಮನೆಮನೆಗೆ ಹೋದಳು. "ಮನೇಲೇ ಕುಡೀಲಿ ಬಿಡಿ, ಕಣ್ಣೆದುರಿಗಾದ್ರೂ ಇರ್ತಾರೆ" ಎನ್ನುವ ತಂದೆತಾಯಿಗಳ ಅಡುಗೆಮನೆಯಲ್ಲಿ ಕೂತು, ಕಡುಬು ಮುಗಿಯುವ ತನಕ ವಾದಿಸಿದಳು. ಹುಡುಗರಿಗೆ ಮದ್ಯ ಮಾರದಂತೆ ಸೂಪರ್‌ಮಾರ್ಕೆಟ್ಟಿನವರನ್ನು ಒಪ್ಪಿಸಿದಳು. ಸಂಜೆ ಹೊತ್ತು ಆಟದ ಮೈದಾನಕ್ಕೆ ದೀಪ ಹಾಕಿಸಿದಳು. ಬೇಸಿಗೆ ಇಡೀ ಹುಡುಗರು ಕದ್ದು ಕುಡಿಯುತ್ತಿದ್ದ ನದಿ ದಂಡೆಯ ಪೊದೆ ಬಿಟ್ಟು ಮೈದಾನದಲ್ಲಿದ್ದರು. ಅದರ ಫಲವೋ ಏನೋ, ಎಷ್ಟೋ ವರ್ಷಗಳ ಮೇಲೆ ಹದಿನೇಳರೊಳಗಿನ ತಂಡ ಫೈನಲ್‌ಗೆ ಹೋಯಿತು. ಆಗ ಎದ್ದ ಪ್ರಶ್ನೆ, ಕಪ್ಪಿಗೆ ಏನು ತುಂಬುವುದು?

ಎಲ್ಲಕ್ಕಿಂತ ಕಷ್ಟವಾದದ್ದು ಪೀಜೇಯನ್ನು ಒಪ್ಪಿಸುವುದು. ಕೊನೆಗೆ ಅವನೂ ಕೈ ಕುಲುಕಿ ಒಪ್ಪಿದ. ಕಪ್ ಎರಡೂ ಅಂಗಡಿಗೆ ಬರುತ್ತದೆ, ಎರಡೂ ಕಡೆ ಹಾಲೇ. ಆಮೇಲೆ ಶಾಲೆಯ ಸಭಾಂಗಣದಲ್ಲಿ ಊಟ, ಬ್ಯಾಂಡು, ಕುಣಿತ. ಊರ ಸಭೆಯಲ್ಲಿ ಎಲ್ಲ ನಿಗದಿಯಾಯಿತು. ಆ ಸಭೆಯಲ್ಲಿ ಡಬ್ಲಿನ್ನಿನಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಪೊಲೀಸು ಹುಡುಗಿ ಮಾತ್ರ ಕೈ ಎತ್ತಿ, "ಒಂದು ವೇಳೆ ಸೋತ್ರೆ?" ಎಂದು ಕೇಳಿಬಿಟ್ಟಿದ್ದಳು.

"ಬಿಡ್ತು ಅನ್ನಮ್ಮ!" ಎಂದು ಪಾದ್ರಿಯೇ ಕಿವಿ ಮುಚ್ಚಿಕೊಂಡಿದ್ದರು. ಟಿಯರ್ನಿ ಮೇಷ್ಟ್ರು ಅಪಶಕುನ ತಾಗದಿರಲೆಂದು ಮೇಜಿನ ಮರ ಮುಟ್ಟಿದ್ದರು. ಫೈನಲ್‌ಗೆ ಮುಂಚೆ ಆ ಮಾತು ಬಾಯಲ್ಲಿ ಬರಬಾರದು. ಬಂದರೆ ಬರುವುದೂ ಅದೇ. ಹುಡುಗಿ ಕೆಂಪಾಗಿ ಕೂತಿದ್ದಳು. ಡಿಂಪ್ನಾ ಕೂಡ ಮೇಜಿನ ಅಡಿಯಲ್ಲಿ ಮರ ಮುಟ್ಟಿದವಳೇ.

"ಕೊಟ್ಟ ಮಾತು ಕೊಟ್ಟದ್ದೇ," ಎಂದ ಪೀಜೇ ಈಗ, ಫೈನಲ್ ದಿನದ ಬೆಳಗ್ಗೆ ಚಹಾ ಹೀರುತ್ತ. "ಕಪ್ ನನ್ನ ಬಾಗಿಲಿಗೆ ಬರ್ಲಿ. ಹಾಲು ಬಿಟ್ಟು ಬೇರೆ ಹನಿ ಬೀಳಲ್ಲ."

*

ಕೊನೆಯ ನಿಮಿಷದಲ್ಲಿ ಒಂದೇ ಒಂದು ಅಂಕ ಹಿಂದಿದ್ದರು. ಫ್ರೀ ಹೊಡೆತ ಸಿಕ್ಕಿತು. ಹೊಡೆಯಲು ನಿಂತವನು ನಾಯಕ ಫಿಯಕ್ರಾ ಲೂಬಿ, ಪ್ಯಾಕಿಯ ತಮ್ಮನ ಮಗ. ಅಂಥ ಹೊಡೆತವನ್ನು ಅವನು ಮನೆಯ ಹಿತ್ತಲಲ್ಲಿ ಕಣ್ಣು ಮುಚ್ಚಿಕೊಂಡು ಹೊಡೆಯುತ್ತಿದ್ದ. ಪ್ಯಾಕಿ ಡಿಂಪ್ನಾಳ ತೋಳು ಹಿಡಿದುಕೊಂಡ. ಫಿಯಕ್ರಾ ಚೆಂಡನ್ನು ಕೋಲಿನಿಂದ ಮೇಲೆತ್ತಿ ಬೀಸಿದ. ಚೆಂಡು ಚೆನ್ನಾಗಿಯೇ ಹೋಯಿತು, ಬಲಗಂಬದ ತನಕ. 'ಟೊಕ್' ಎಂದು ಕಂಬಕ್ಕೆ ಬಡಿದ ಸದ್ದು ಮೈದಾನದ ಈ ತುದಿಗೂ ಕೇಳಿಸಿತು.

ಆಮೇಲೆ ಬೇರೆ ಊರಿನ ಹುಡುಗ ಕಪ್ ಎತ್ತಿದ.

ಬಸ್ಸು ಬ್ಯಾಲಿಕೊರ್ರಾಕ್ಕೆ ಬಂದಾಗ ಸೇತುವೆಯ ಬಳಿ ಗೆದ್ದರೆ ಹಾಕುವ ಬೆಂಕಿಗೆಂದು ಒಟ್ಟಿದ ಸೌದೆ ಹಾಗೇ ಇತ್ತು. ಶಾಲೆಯ ಸಭಾಂಗಣದ ಕಿಟಕಿಗಳಲ್ಲಿ ಹಸಿರು ಹಳದಿ ಬಲೂನು. ಬ್ಯಾಂಡಿನವರು ವಾದ್ಯ ತೆಗೆಯಲೋ ಬೇಡವೋ ಎಂದು ಮುಖ ಮುಖ ನೋಡುತ್ತಿದ್ದರು. "ಒಳಗೆ ಬನ್ರೋ, ಊಟ ಕಾಯ್ತಿದೆ," ಎಂದು ಮೇಷ್ಟ್ರು ಕರೆದರು. ಅವರ ದನಿಯಲ್ಲೇ ಜೀವವಿರಲಿಲ್ಲ. ಹುಡುಗರು ಚೀಲ ಹೆಗಲಿಗೇರಿಸಿ ಇಬ್ಬರು ಮೂವರಾಗಿ ಚದುರಿದರು. ಫಿಯಕ್ರಾ ಇನ್ನೂ ಹೆಲ್ಮೆಟ್ ತೆಗೆದಿರಲಿಲ್ಲ. ಜಾಲರಿಯ ಹಿಂದೆ ಮುಖ ಬಚ್ಚಿಟ್ಟುಕೊಂಡೇ ನಡೆದುಹೋದ.

ಗೆದ್ದರೂ ಕುಡಿಯುತ್ತಾರೆ, ಸೋತರೂ ಕುಡಿಯುತ್ತಾರೆ. ಸಂಜೆ ಐದು ಹೊಡೆಯುವ ಮೊದಲೇ ಹ್ಯಾನ್ರಹನ್ನರ ಪಬ್ಬು ತುಂಬಿತು. ಡಿಂಪ್ನಾಳಿಗೆ ಕೈ ಬಿಡುವಿರಲಿಲ್ಲ. ಅಷ್ಟರಲ್ಲಿ ಪ್ಯಾಕಿ ತನ್ನ ಸ್ಟೂಲಿನಲ್ಲಿ ಕೂರದೆ, ಕೌಂಟರಿನ ಇನ್ನೊಂದು ತುದಿಯಲ್ಲಿ ನಿಂತು ಗಂಟಲು ಸರಿಮಾಡಿಕೊಂಡ.

"ಸೇಬಿನ ಹೆಂಡದ ಡಬ್ಬಿ ಒಂದು ಟ್ರೇ ಕೊಡು. ಒಂದು ಸಣ್ಣ ವೋಡ್ಕಾನೂ. ಮನೆಗೆ ಒಯ್ಯೋಕೆ."

ಡಿಂಪ್ನಾ ಕೈಯಲ್ಲಿದ್ದ ಗ್ಲಾಸು ಕೆಳಗಿಟ್ಟಳು. ನಲ್ಲಿಯಿಂದ ಬಿಟ್ಟ ಕರಿ ಬಿಯರಲ್ಲದೆ ಬೇರೇನನ್ನೂ ಮುಟ್ಟದ ಮನುಷ್ಯ ಇವನು. ಡಬ್ಬಿಯ ಹೆಂಡವನ್ನು 'ಹುಡುಗರ ಸೋಡಾ' ಎಂದು ಮೂದಲಿಸುವವನು.

"ಯಾರಿಗೆ ಪ್ಯಾಕಿ?"

"ನಂಗೇ."

"ಯಾರಿಗೆ?"

ಪ್ಯಾಕಿ ಕಣ್ಣು ತಪ್ಪಿಸಿದ. "ಆ ಮಗು ಒಂದು ಮಾತಾಡ್ತಿಲ್ಲ ಡಿಂಪ್ನಾ. ಹೆಲ್ಮೆಟ್ಟೂ ತೆಗೀತಿಲ್ಲ. ನೋಡೋಕಾಗಲ್ಲ ನಂಗೆ. ಸ್ವಲ್ಪ ಒಳಗೆ ಹೋದ್ರೆ ಅತ್ತಾದ್ರೂ ಹಗುರಾಗ್ತಾನೆ. ಬೇರೆ ಏನ್ ಕೊಡೋಕೆ ಬರುತ್ತೆ ನಂಗೆ?"

"ಬೆಳಗ್ಗೆ ಕೊಟ್ಯಲ್ಲ, ಹಾಲು."

"ಅದು ಗೆದ್ದೋರಿಗೆ."

"ನನ್ನ ಅಂಗಡೀಲಿ ಸಿಗಲ್ಲ," ಎಂದಳು ಡಿಂಪ್ನಾ. ಪ್ಯಾಕಿ ಹೊರಗೆ ಹೋದ. ಕಿಟಕಿಯಿಂದ ನೋಡಿದರೆ ಅವನು ಸೇತುವೆಯ ಕಡೆಗೆ ಇಳಿಯುತ್ತಿದ್ದ.

ಅವಳು ಟವೆಲ್ಲು ಹೆಗಲಿಂದ ತೆಗೆಯದೆಯೇ ಕೌಂಟರಿನ ಮೇಲಿನ ಗಂಟೆ ಹಿಡಿದು ಬಾರಿಸಿದಳು. "ಗ್ಲಾಸು ಮುಗಿಸಿ ಏಳಿ ಎಲ್ಲರೂ. ಬಾಗಿಲು ಹಾಕ್ತಿದೀನಿ."

ಶವಯಾತ್ರೆ ಬೀದಿಯಲ್ಲಿ ಹಾದುಹೋಗುವಾಗ ಬಿಟ್ಟರೆ ಹೊತ್ತಿಗೆ ಮುಂಚೆ ಬಾಗಿಲು ಹಾಕಿದ ಅಂಗಡಿಯಲ್ಲ ಅದು. "ಯಾರು ಸತ್ತರು?" ಎಂದ ಒಬ್ಬ.

"ಯಾರೂ ಸತ್ತಿಲ್ಲ. ಅದಕ್ಕೇ. ಏಳು."

ಅವಳು ಸೇತುವೆ ಮುಟ್ಟುವಷ್ಟರಲ್ಲಿ ತಡವಾಗಿತ್ತು. ಪೀಜೇಯ ಹಿಂಬಾಗಿಲಿನಿಂದ ಪ್ಯಾಕಿಯ ಹಳೇ ಕಾರು ಹಳೇ ಶಾಲೆಯ ದಾರಿ ಹಿಡಿದಿತ್ತು. ಕಿಕ್ಕಿರಿದ ಅಂಗಡಿಯಲ್ಲಿ ಪೀಜೇ ಅವಳ ಮುಖ ನೋಡಿದ್ದೇ ಎರಡೂ ಕೈ ಮೇಲೆತ್ತಿದ.

"ನಾನು ಮಾತು ತಪ್ಪಿಲ್ಲ. ಒಪ್ಪಂದ ಆಗಿದ್ದು ಕಪ್ಪಿನ ಬಗ್ಗೆ. ಎಲ್ಲಿದೆ ಕಪ್? ತೋರ್ಸು. ಅರವತ್ತು ವರ್ಷದ ಗಂಡಸು ಬಂದು ದುಡ್ಡು ಕೊಟ್ಟು ಕೇಳ್ದ, ಕೊಟ್ಟೆ."

"ಯಾರಿಗೆ ಅಂತ ನಿಂಗೆ ಗೊತ್ತಿತ್ತು."

"ಗೊತ್ತಿದ್ರೆ? ಆ ಡಬ್ಲಿನ್ ಹುಡುಗಿ ಕೇಳ್ದಾಗ ನೀನೂ ಬಾಯಿ ಮುಚ್ಕೊಂಡೇ ಕೂತಿದ್ದೆ ತಾನೇ?"

ಸುತ್ತಲಿನವರು ಮಾತು ನಿಲ್ಲಿಸಿದರು.

"ಸರಿ. ನೀನು ಹೇಳ್ತಿರೋದು ಸರೀನೇ," ಎಂದಳು. "ನಾವೆಲ್ಲ ಸೇರಿ ಗೆಲುವಿಗೆ ಬೇಲಿ ಹಾಕಿ, ಸೋಲಿಗೆ ಗೇಟು ತೆರೆದಿಟ್ವಿ. ನಾನೂ ಕತ್ತೆ, ನೀನೂ ಕತ್ತೆ. ಈಗ ಬಾ, ಹಾಕೋಣ ಗೇಟು."

"ಅಂಗಡಿ ತುಂಬ ಜನ ಇದಾರೆ ಮಾರಾಯ್ತಿ!"

"ನನ್ನದರಲ್ಲೂ ಇದ್ರು. ಬೀಗ ಹಾಕಿ ಬಂದೆ." ಸೊಂಟದಲ್ಲಿದ್ದ ಬೀಗದ ಕೈ ತೋರಿಸಿ, ಅವನ ಉತ್ತರಕ್ಕೆ ಕಾಯದೆ ಅವಳು ದಿಬ್ಬ ಹತ್ತಿದಳು.

*

ಹಳೇ ಶಾಲೆಯ ಹಿಂದೆ ಮೂರು ಎತ್ತರದ ಗೋಡೆಗಳ ಒಂದು ಆಟದ ಅಂಗಳವಿತ್ತು. ಹಿಂದೆ ಅಲ್ಲಿ ಕೈಚೆಂಡು ಆಡುತ್ತಿದ್ದರು. ಈಗ ಗೋಡೆಗಳ ಬುಡದಲ್ಲಿ ಹುಲ್ಲು. ಬಿಯರು ಪೀಪಾಯಿ ಸಾಗಿಸುವ ಎರಡು ಗಾಲಿಯ ಗಾಡಿಗೆ ಹಾಲಿನ ಕ್ಯಾನು ಕಟ್ಟಿ, ಮೇಲೆ ಸ್ಯಾಂಡ್‌ವಿಚ್ಚಿನ ಬುಟ್ಟಿ ಹೇರಿ, ಡಿಂಪ್ನಾ ಅದನ್ನು ಕಲ್ಲುದಾರಿಯಲ್ಲಿ ಕಟಕಟ ಎಳೆಯುತ್ತ ಬಂದಳು. ಹೊತ್ತು ಮುಳುಗುತ್ತಿತ್ತು. ಒಳಗಿನ ಪಿಸುಮಾತು ತಟ್ಟನೆ ನಿಂತಿತು.

"ಪೊಲೀಸು ಕಣ್ರೋ!"

"ಅಲ್ಲ, ಮಿಸೆಸ್ ಹ್ಯಾನ್ರಹನ್ನು."

"ಅಯ್ಯೋ, ಪೊಲೀಸೇ ವಾಸಿಯಾಗಿತ್ತು," ಎಂದದ್ದು ಗೋಲ್‌ಕೀಪರ್ ಡಾರಾ, ತಂಡದ ಬಾಯಿಬಡುಕ.

ಇಡೀ ತಂಡ ಗೋಡೆಗೊರಗಿ ಕೂತಿತ್ತು. ಕೆಲವರ ಕೈಯಲ್ಲಿ ಡಬ್ಬಿ ತೆರೆದಿತ್ತು. ಡಾರಾನ ಕಣ್ಣು ಆಗಲೇ ಹೊಳೆಯುತ್ತಿತ್ತು. ಮೂಲೆಯಲ್ಲಿ ಪ್ಯಾಕಿ, ತಪ್ಪು ಮಾಡಿದ ನಾಯಿಯ ಹಾಗೆ. ಅವನ ಪಕ್ಕದಲ್ಲಿ ಫಿಯಕ್ರಾ, ಮಡಿಲಲ್ಲಿ ತೆರೆಯದ ಡಬ್ಬಿ, ತಲೆಯ ಮೇಲೆ ಅದೇ ಹೆಲ್ಮೆಟ್.

ಏದುಸಿರು ಬಿಡುತ್ತ ಡಿಂಪ್ನಾ ಗಾಡಿಯ ಹಿಡಿಯನ್ನು ಬಿಡದೆ ನಿಂತಳು. "ಬೈಯೋಕೆ ಉಸಿರಿಲ್ಲ. ಮೊದಲು ಯಾರಾದ್ರೂ ಬಂದು ಈ ಕ್ಯಾನು ಇಳಿಸ್ರೋ. ನನ್ನ ಸೊಂಟ ಹೋಯ್ತು."

ಎಷ್ಟಾದರೂ ಅಮ್ಮಂದಿರ ಕೈಯಲ್ಲಿ ಬೆಳೆದ ಹುಡುಗರು. ನಾಲ್ಕು ಜನ ಎದ್ದರು. ತುಂಬಿದ ಕ್ಯಾನು ಇಳಿಸಲು ಎರಡೂ ಕೈ ಬೇಕು. ಡಬ್ಬಿಗಳು ನೆಲಕ್ಕೆ ಬಂದವು. ಇಳಿಸಿದ ಮೇಲೆ ಅವಳು ಬುಟ್ಟಿಯನ್ನು ಅವರ ಕೈಗಿತ್ತು, "ಹಂಚಿ. ಹ್ಯಾಮ್ ಒಂದು ಕಡೆ, ಮೊಟ್ಟೆ ಒಂದು ಕಡೆ," ಎಂದಳು. ಬೆಳಗಿನಿಂದ ಏನೂ ತಿನ್ನದ ಹುಡುಗರು. ಬುಟ್ಟಿ ಬೇಗ ಹಗುರವಾಯಿತು.

ಫಿಯಕ್ರಾ ಮಾತ್ರ ಕದಲಲಿಲ್ಲ. "ಹಾಲು ಗೆದ್ದೋರಿಗೆ ಅಲ್ವಾ ಮಿಸೆಸ್?" ಎಂದ, ಜಾಲರಿಯ ಹಿಂದಿನಿಂದ. "ಯಾಕೆ ತಂದ್ರಿ?"

"ನೀವು ಸೋತಿದ್ದು ಹಸುವಿಗೆ ಗೊತ್ತಿಲ್ಲ ಕಣೋ. ಬೆಳಗ್ಗೆ ಕೊಡೋದು ಕೊಟ್ಟಿದೆ. ಯಾರಾದ್ರೂ ಕುಡೀಲೇಬೇಕು."

"ನಾನೇ ಸೋಲ್ಸಿದ್ದು."

ಉಳಿದವರು ಅಗಿಯುವುದನ್ನು ನಿಲ್ಲಿಸಿದರು. ಇಲ್ಲ ಎನ್ನುತ್ತಾಳೆಂದು ಎಲ್ಲರೂ ಕಾದರು.

"ಆ ಚೆಂಡು ನಿಂದೇ, ಹೌದು," ಎಂದಳು ಡಿಂಪ್ನಾ. "ನಾಳೆ ಬೆಳಗ್ಗೆ ಎದ್ದಾಗ್ಲೂ ಅದು ಕಂಬಕ್ಕೇ ಬಡ್ದಿರುತ್ತೆ. ಇದನ್ನ ಕುಡಿದ್ರೂ ಅಷ್ಟೇ, ಅದನ್ನ ಕುಡಿದ್ರೂ ಅಷ್ಟೇ."

"ಮತ್ತೆ ಏನ್ ವ್ಯತ್ಯಾಸ?"

"ಜೊತೆಗೆ ತಲೆನೋವಿರಲ್ಲ."

ಡಾರಾ ಕಿಸಕ್ಕೆಂದು ನಕ್ಕು, ಯಾರೂ ಜೊತೆಗೂಡದ್ದು ನೋಡಿ ಸುಮ್ಮನಾದ. ಫಿಯಕ್ರಾನ ಬೆರಳು ಡಬ್ಬಿಯ ಕೊಂಡಿಯ ಮೇಲಿತ್ತು. ಊರಿಡೀ ತಿರುಗಿ ಅಷ್ಟೊಂದು ವಾದಿಸಿದ ಡಿಂಪ್ನಾಳಿಗೆ ಈ ಬೆರಳಿಗೆ ಹೇಳುವ ಇನ್ನೊಂದು ಮಾತು ಸಿಗಲಿಲ್ಲ.

ಮಾತಾಡಿದವನು ಪ್ಯಾಕಿ. ಯಾರನ್ನೂ ನೋಡದೆ, ಎದುರುಗೋಡೆಗೆ ಹೇಳಿದ ಹಾಗೆ.

"ನಾವು ಗೆದ್ವಿ. ನಿನ್ನ ವಯಸ್ಸಲ್ಲಿ. ಫಿಯಕ್ರಾ, ನಾವು ಗೆದ್ದಿದ್ವಿ ಕಣೋ. ಹ್ಯಾನ್ರಹನ್ನರ ಬಾಗಿಲು ದಾಟಿದ್ದು ನೆನಪಿದೆ. ಕಪ್ ಬಾಯಿಗೆ ಬಂದಾಗ ಅದರ ತಣ್ಣನೆ ಅಂಚು ಹಲ್ಲಿಗೆ ತಾಗಿದ್ದು ನೆನಪಿದೆ. ಆಮೇಲೆ ಏನೂ ಇಲ್ಲ. ಬೆಂಕಿ ಹಾಕಿದ್ರಂತೆ. ನಮ್ಮಪ್ಪ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಸೇತುವೆ ತನಕ ಕುಣಿದ್ನಂತೆ. ನಮ್ಮಪ್ಪ! ನಗೋದೇ ಅಪರೂಪ ಆ ಮನುಷ್ಯ. ಎಲ್ಲಾರೂ ಹೇಳ್ತಾರೆ. ನಂಗೆ ಗೊತ್ತಿಲ್ಲ. ನಾನು ಅಲ್ಲಿರ್ಲಿಲ್ಲ."

ಗೋಡೆಯ ಮೇಲಿನ ಕಾಗೆ ಹಾರಿಹೋಯಿತು. ಪ್ಯಾಕಿ ಎದ್ದು ಬಂದು ಕ್ಯಾನಿನ ಮುಚ್ಚಳ ಕಿತ್ತ. ಹಳೇ ಕಾಲದ ಮುಚ್ಚಳ, ಮಗುಚಿ ಹಿಡಿದರೆ ಬೋಗುಣಿಯಷ್ಟು ಆಳ. ಕ್ಯಾನು ಬಗ್ಗಿಸಿ ಅದರ ತುಂಬ ಹಾಲು ಹುಯ್ದುಕೊಂಡ. ಕೈ ನಡುಗಿ ಅರ್ಧ ಚೆಲ್ಲಿತು. ಉಳಿದರ್ಧವನ್ನು ನಿಂತೇ ಕುಡಿದು, ತೋಳಿನಿಂದ ಮೀಸೆ ಒರೆಸಿಕೊಂಡ.

"ಹ್ಯಾಗಿದೆ?" ಎಂದಳು ಡಿಂಪ್ನಾ.

"ಕೆಟ್ಟದಾಗಿದೆ," ಎಂದ ಪ್ಯಾಕಿ. "ಹಾಲು ಕುಡ್ದು ಎಷ್ಟು ವರ್ಷ ಆಯ್ತೋ." ಮತ್ತೆ ತುಂಬಿಸಿ ಡಾರಾನ ಕೈಗೆ ಕೊಟ್ಟ.

ಡಾರಾ ಅದನ್ನು ಎರಡೂ ಕೈಯಿಂದ ತಲೆಯ ಮೇಲೆತ್ತಿ, ಕಪ್ ಗೆದ್ದವರ ಗತ್ತಿನಲ್ಲಿ ಗಂಟಲು ಬಿಟ್ಟ: "ಬ್ಯಾಲಿಕೊರ್ರಾದ ಮಹಾಜನಗಳೇ! ಎರಡನೇ ಸ್ಥಾನದ ಮುಚ್ಚಳ ನಮ್ಮದೇ!" ಈ ಸಲ ಎಲ್ಲರೂ ನಕ್ಕರು. ಮುಚ್ಚಳ ಕೈಯಿಂದ ಕೈಗೆ ನಡೆಯಿತು. ಒಬ್ಬ ತೇಗಿದ, ಒಬ್ಬನ ಮೂಗಿಗೆ ಹಾಲು ಮೆತ್ತಿತು. ಇಬ್ಬರು ಮುಟ್ಟದೆ ಮುಂದಿನವನಿಗೆ ಕೊಟ್ಟರು. ಕೊನೆಗೆ ಅದು ಫಿಯಕ್ರಾನ ಮುಂದೆ ಬಂದು ನಿಂತಿತು.

ಜಾಲರಿ ಇಟ್ಟುಕೊಂಡು ಏನನ್ನೂ ಕುಡಿಯಲು ಬರುವುದಿಲ್ಲ. ಅವನು ಬಹಳ ಹೊತ್ತು ಮುಚ್ಚಳವನ್ನೇ ನೋಡುತ್ತಿದ್ದ. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಡಬ್ಬಿಯನ್ನು ಪಕ್ಕಕ್ಕಿಟ್ಟು, ಗಲ್ಲದ ಕೆಳಗಿನ ಪಟ್ಟಿ ಬಿಚ್ಚಿ, ಹೆಲ್ಮೆಟ್ ತೆಗೆದ. ಅತ್ತು ಅತ್ತು ಮುಖ ಊದಿತ್ತು. ಹಣೆಯ ಮೇಲೆ ಕೆಂಪು ಗೆರೆ ಬಿದ್ದಿತ್ತು. ಎಲ್ಲರೂ ಬೇಕೆಂದೇ ಬೇರೆಲ್ಲೋ ನೋಡಿದರು. ಅವನು ಕುಡಿದ.

ಅಂಗಳದ ಬಾಯಲ್ಲಿ ಕೆಮ್ಮಿದ ಸದ್ದಾಯಿತು. ಟೊಪ್ಪಿ ಕೈಯಲ್ಲಿ ಹಿಡಿದು ಪೀಜೇ ನಿಂತಿದ್ದ.

"ನಿಂಗೂ ಹಾಲು ಬೇಕೇನೋ?" ಎಂದಳು ಡಿಂಪ್ನಾ.

"ನನ್ನ ಸರಕು ಒಯ್ಯೋಕೆ ಬಂದೆ," ಎಂದು ಪೀಜೇ ಗೊಣಗಿದ. "ಅಂಗಡಿ ಮುಚ್ಚಿಸ್ದೆಯಲ್ಲ ಮಾರಾಯ್ತಿ. ನನ್ನ ಮಾವನ ಸಾವಿಗೂ ಮುಚ್ಚಿರ್ಲಿಲ್ಲ ನಾನು."

ಹುಡುಗರೇ ತೆರೆಯದ ಡಬ್ಬಿಗಳನ್ನೆಲ್ಲ ಒಟ್ಟುಮಾಡಿ ಗಾಡಿಗೆ ಏರಿಸಿದರು. ವೋಡ್ಕಾ ಬಾಟಲಿಯನ್ನು ಪ್ಯಾಕಿ ತನ್ನ ಕೋಟಿನ ಜೇಬಿನಿಂದ ತೆಗೆದು, ಒಂದು ಗಳಿಗೆ ಹಿಡಿದುಕೊಂಡಿದ್ದು, ಪೀಜೇಗೆ ಕೊಟ್ಟ. ಬರಿ ಕ್ಯಾನನ್ನು ಮೇಲೆ ಕಟ್ಟಿದರು. ಮುಚ್ಚಳ ಮಾತ್ರ ಹುಡುಗರ ಕೈಯಲ್ಲೇ ಉಳಿಯಿತು.

"ಆಮೇಲೆ ಶಾಲೆ ಸಭಾಂಗಣಕ್ಕೆ ಬನ್ನಿ," ಎಂದಳು ಡಿಂಪ್ನಾ. "ಮೇಷ್ಟ್ರು ಒಬ್ರೇ ಬಲೂನು ನೋಡ್ಕೊಂಡು ಕೂತಿದಾರೆ." ಬರುತ್ತೇವೆ ಎಂದು ಯಾರೂ ಹೇಳಲಿಲ್ಲ. ಬರುವುದಿಲ್ಲ ಎಂದೂ ಹೇಳಲಿಲ್ಲ.

ಪೀಜೇ ಗಾಡಿ ಎಳೆದ, ಡಿಂಪ್ನಾ ಹಿಂದಿನಿಂದ ಹಿಡಿದುಕೊಂಡಳು. ಹಳೇ ಶಾಲೆಯ ಮೂಲೆ ತಿರುಗುವಾಗ ಹಿಂದುಗಡೆ 'ಟೊಕ್' ಎಂದು ಕೇಳಿಸಿತು. ಚೆಂಡು ಗೋಡೆಗೆ ಬಡಿದ ಸದ್ದು. ಸ್ವಲ್ಪ ಹೊತ್ತಿಗೆ ಇನ್ನೊಂದು. ಯಾರೋ ಒಬ್ಬನೇ ಹೊಡೆಯುತ್ತಿದ್ದ.

ಸದ್ದು ನಿಂತಿತು. ಡಿಂಪ್ನಾ ಗಾಡಿಯನ್ನು ಹಿಡಿದು ನಿಲ್ಲಿಸಿದಳು.

"ಏನಾಯ್ತು?" ಎಂದ ಪೀಜೇ.

"ಶ್."

ಕತ್ತಲಲ್ಲಿ ಚೆಂಡು ಹುಡುಕುತ್ತಿರಬೇಕು. ಹುಲ್ಲು ಸವರಿದ ಸದ್ದು, ಯಾರದೋ ಗೊಣಗು. ಪೀಜೇ ಟೊಪ್ಪಿ ಹಾಕಿಕೊಳ್ಳುವುದನ್ನೂ ಮರೆತು ನಿಂತಿದ್ದ. ಸೇತುವೆಯ ಕಡೆಯಿಂದ ಗಾಳಿ ಬೀಸಿತು.

ಟೊಕ್.

ಡಿಂಪ್ನಾ ಗಾಡಿಯನ್ನು ಮುಂದಕ್ಕೆ ನೂಕಿದಳು.